ಗೊಂಬೆ ಮನೆಗೊಂದು ಕಾಡು ತೋಟ



ಈ ಸಲದ ಗೋಡೆ ಪತ್ರಿಕೆಗೆ ನಿಮ್ಮ ಕೈಯಾರೆ ಮಾಡಿ ನೋಡಿದ್ದನ್ನೇ ಬರೆಯಿರಿ, ಪುಸ್ತಕ ನೋಡಿ ಇಳಿಸಬೇಡಿ ಎಂದು ಗುರುಗಳು ಹೇಳಿದ್ದಾರೆ. ನಾನು ಕೈಯಾರೆ ಮಾಡಿದ್ದು ಒಂದೇ ಒಂದು. ಅದು ಗೊಂಬೆ ಮನೆಯ ಸುತ್ತ ಬೆಳೆಸಿದ ಪುಟ್ಟ ಕಾಡು. ಇದಕ್ಕೆ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ. ಆದರೆ ತಾಳ್ಮೆ ಬೇಕು. ನನ್ನ ತೋಟ ಎರಡು ಸಲ ಕೆಟ್ಟು ಮೂರನೇ ಸಲಕ್ಕೆ ಬಂತು. ಕೆಟ್ಟದ್ದು ಯಾಕೆ ಎಂಬುದನ್ನೂ ಬರೆಯುತ್ತೇನೆ. ಅದು ಗೊತ್ತಾದರೆ ನಿಮ್ಮದು ಮೊದಲನೇ ಸಲಕ್ಕೇ ಬರುತ್ತದೆ.

ಇದು ನಮಗೆ ಹೊಸದಲ್ಲ

ಮಣ್ಣಿನಿಂದ ಸಣ್ಣ ಸಣ್ಣ ವಸ್ತು ಮಾಡುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುತ್ತೇವೆ. ಆಮೇಲೆ ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಗುಳ್ಳವ್ವನನ್ನು ಮಾಡಿ ಗುಲಗಂಜಿ, ಕುಸುಬಿ, ಜೋಳದ ಕಾಳು ಚುಚ್ಚಿ ಸಿಂಗಾರ ಮಾಡುತ್ತೇವೆ. ನವರಾತ್ರಿಯಲ್ಲಿ ಘಟ ಹಾಕುವ ಮನೆಗಳಲ್ಲಿ ಹೊಲದ ಮಣ್ಣು ತಂದು ಹರವಿ, ಕಾಳು ಬಿತ್ತಿ, ನಡುವೆ ಕೊಡ ಇಡುತ್ತಾರೆ. ಒಂಬತ್ತು ದಿನಕ್ಕೆ ಗೇಣುದ್ದ ಸಸಿ ಬರುತ್ತದೆ. ಅದೂ ಒಂದು ಪುಟ್ಟ ಹೊಲವೇ ಅಲ್ಲವೇ?

ಮೈಸೂರು ಕಡೆ ದಸರೆಗೆ ಮನೆಮನೆಯಲ್ಲಿ ಗೊಂಬೆ ಕೂಡಿಸುತ್ತಾರೆ. ಗೊಂಬೆಗಳ ಮುಂದೆ ತಟ್ಟೆಯಲ್ಲಿ ರಾಗಿ, ಸಾಸಿವೆ, ಮೆಂತೆ ಮೊಳಕೆ ಬರಿಸಿ ಪಾರ್ಕು ಮಾಡುತ್ತಾರೆ. ಬೆಳಗಾವಿ ಕಡೆ ದೀಪಾವಳಿಗೆ ಹುಡುಗರು ಅಂಗಳದಲ್ಲಿ ಮಣ್ಣಿನ ಕಿಲ್ಲೆ ಕಟ್ಟಿ, ಅದರ ಮೇಲೆ ಕಾಳು ಬಿತ್ತಿ ಗುಡ್ಡ ಹಸಿರು ಮಾಡುತ್ತಾರೆ.

ಇಂಗ್ಲೆಂಡಿನಲ್ಲಿ ರಾಣಿ ಮೇರಿಗಾಗಿ 1921ರಿಂದ 1924ರವರೆಗೆ ಒಂದು ದೊಡ್ಡ ಗೊಂಬೆ ಮನೆ ಕಟ್ಟಿದರು. ಅದರ ನಕ್ಷೆ ಮಾಡಿದವರು ಲುಟ್ಯೆನ್ಸ್. ನಮ್ಮ ದಿಲ್ಲಿಯ ರಾಷ್ಟ್ರಪತಿ ಭವನದ ನಕ್ಷೆಯೂ ಅವರದೇ. ಆ ಗೊಂಬೆ ಮನೆಯ ಕೆಳಗೆ ಮೇಜಿನ ಖಾನೆಯಂತೆ ಎಳೆಯುವ ಒಂದು ಖಾನೆ ಇದೆ. ಎಳೆದರೆ ಅದರೊಳಗೆ ತೋಟ! ತೋಟದ ನಕ್ಷೆ ಗರ್ಟ್ರೂಡ್ ಜೀಕಿಲ್ ಎಂಬ ಹೆಣ್ಣುಮಗಳದು. ಅದು ಈಗಲೂ ವಿಂಡ್ಸರ್ ಅರಮನೆಯಲ್ಲಿದೆ. ಆದರೆ ಅಲ್ಲಿಯ ಗಿಡಗಳು ಜೀವದ ಗಿಡಗಳಲ್ಲ, ಮಾಡಿದ ಗಿಡಗಳು. ನಮ್ಮದು ಜೀವ ಇರುವ ತೋಟ. ಅದರಲ್ಲಿ ನಾವು ರಾಣಿಗಿಂತ ಮೇಲು.

ನನಗೆ ಯಾಕೆ ಬೇಕಾಯಿತು

ನಮ್ಮ ಅಪ್ಪ ಅವ್ವ ದೀಪಾವಳಿ ಆದ ಮೇಲೆ ಬೆಂಗಳೂರಿಗೆ ಗೌಂಡಿ ಕೆಲಸಕ್ಕೆ ಗುಳೆ ಹೋಗುತ್ತಾರೆ. ಯುಗಾದಿಗೆ ಬರುತ್ತಾರೆ. ನಾನು ಮತ್ತು ನನ್ನ ತಂಗಿ ಆಯಿಯ ಹತ್ತಿರ ಇರುತ್ತೇವೆ. ಹೋದ ವರ್ಷ ತಂಗಿ ಎರಡನೇ ತರಗತಿ. ಅವ್ವ ಹೋಗುವಾಗ ಆಕೆಗೆ ಒಂದು ಬಟ್ಟೆ ಗೊಂಬೆ ಹೊಲಿದು ಕೊಟ್ಟಿದ್ದಳು. ನಾನು ಮಣ್ಣಿನಿಂದ ಒಂದು ಮಾಳಿಗೆ ಮನೆ ಕಟ್ಟಿ ಕೊಟ್ಟೆ. "ಅಕ್ಕಾ, ಮನಿ ಸುತ್ತ ಕಾಡು ಬೇಕು. ಗೊಂಬಿ ಕಾಡಿನಾಗ ಅಡಗಿ ಕೂಡಬೇಕು" ಎಂದು ತಂಗಿ ಹಟ ಹಿಡಿದಳು.

ನಾನು ಮನೆಯ ಸುತ್ತ ಸಾಸಿವೆ ಚೆಲ್ಲಿದೆ. ಮೂರು ದಿನಕ್ಕೆ ಮೊಳಕೆ ಬಂತು. ಏಳು ದಿನಕ್ಕೆ ಹಸಿರು ಚಾಪೆ ಹಾಸಿದಂತೆ ಆಯಿತು. ತಂಗಿ ಓಣಿಯ ಮಕ್ಕಳನ್ನೆಲ್ಲಾ ಕರೆತಂದು ತೋರಿಸಿದಳು. ಹದಿನೈದು ದಿನಕ್ಕೆ ಸಸಿಗಳು ಉದ್ದವಾಗಿ, ಬಿಳಿಚಿ, ಒಂದರ ಮೇಲೊಂದು ಮಲಗಿಬಿಟ್ಟವು. ಆಮೇಲೆ ಕೊಳೆತವು. ಆ ದಿನ ತಂಗಿ ಊಟ ಮಾಡಲಿಲ್ಲ. ಯಾಕೆ ಎಂದು ಕೇಳಿದರೆ, "ತ್ವಾಟ ಬಾಡಿದ್ರ ಅವ್ವ ಬರಂಗಿಲ್ಲ" ಅಂದಳು. ತೋಟ ಹಸಿರು ಇರುವ ತನಕ ಅವ್ವ ಬರುತ್ತಾಳೆ ಎಂದು ಆಕೆ ತನ್ನಷ್ಟಕ್ಕೆ ತಾನೇ ಲೆಕ್ಕ ಹಾಕಿದ್ದಳಂತೆ. ಹಾಗೆಲ್ಲಾ ಇಲ್ಲ ಎಂದು ನಾನೂ ಆಯಿಯೂ ಎಷ್ಟು ಹೇಳಿದರೂ ಕೇಳಲಿಲ್ಲ.

ಮರುದಿನ ನಾನು ವಿಜ್ಞಾನದ ಸರ್ ಹತ್ತಿರ ಹೋಗಿ, "ಸರ್, ನೀರು ಹಾಕಿದ್ರೂ ಸಸಿ ಯಾಕ್ರಿ ಸತ್ತುವು? ಯುಗಾದಿ ತನಕ ಸಾಯದಂಥ ತೋಟ ಮಾಡಲಿಕ್ಕೆ ಬರ್ತದೇನ್ರಿ?" ಎಂದು ಕೇಳಿದೆ. ಸರ್ ನಗಲಿಲ್ಲ. "ಬರ್ತದವಾ. ಆದರ ಮೊದಲು ಯಾಕ ಸತ್ತುವು ಅನ್ನೋದು ತಿಳ್ಕೋ" ಎಂದರು.

ಮೊದಲನೇ ತೋಟ ಯಾಕೆ ಸತ್ತಿತು

ಪ್ರತಿಯೊಂದು ಬೀಜದೊಳಗೆ ಒಂದು ಬುತ್ತಿ ಕಟ್ಟಿರುತ್ತದೆ. ಮೊಳಕೆ ಬಂದಾಗ ಸಸಿ ಮೊದಲು ಆ ಬುತ್ತಿಯನ್ನೇ ಉಣ್ಣುತ್ತದೆ. ಸಾಸಿವೆ ಕಾಳು ಎಷ್ಟು ಸಣ್ಣದು ನೋಡಿ, ಅದರ ಬುತ್ತಿ ಎಷ್ಟು ದಿನ ಬಂದೀತು? ಬುತ್ತಿ ತೀರಿದ ಮೇಲೆ ಸಸಿ ತಾನೇ ಅಡುಗೆ ಮಾಡಿಕೊಳ್ಳಬೇಕು. ಆ ಅಡುಗೆಗೆ ಬೆಳಕು, ಗಾಳಿ, ನೀರು ಬೇಕು. ಇದಕ್ಕೆ ದ್ಯುತಿಸಂಶ್ಲೇಷಣೆ ಎನ್ನುತ್ತಾರೆ. ಬೆಳೆಯಲು ಮಣ್ಣಿನಿಂದ ಸತ್ವವೂ ಬೇಕು.

ನಾನು ಮಾಡಿದ ತಪ್ಪು ನಾಲ್ಕು.

1. ಗೊಂಬೆ ಮನೆಯನ್ನು ಪಡಸಾಲೆಯ ಮೂಲೆಯಲ್ಲಿ ಇಟ್ಟಿದ್ದೆ. ಅಲ್ಲಿ ಬೆಳಕು ಕಡಿಮೆ. ಬೆಳಕು ಹುಡುಕಿಕೊಂಡು ಸಸಿ ಉದ್ದ ಆಗುತ್ತದೆ, ಆದರೆ ದಪ್ಪ ಆಗುವುದಿಲ್ಲ. ಘಟದ ಸಸಿ ದೇವರ ಕೋಣೆಯಲ್ಲಿ ಹಳದಿ ಆಗಿ ಉದ್ದ ಬೆಳೆಯುವುದೂ ಇದೇ ಕಾರಣಕ್ಕೆ.

2. ಬರೀ ಎರೆ ಮಣ್ಣು ಹಾಕಿದ್ದೆ. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬಿರಿದಾಗ ಸಣ್ಣ ಬೇರು ಹರಿಯುತ್ತವೆ.

3. ತಟ್ಟೆಗೆ ತಳದಲ್ಲಿ ತೂತು ಇರಲಿಲ್ಲ. ನಿಂತ ನೀರಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ. ಬೇರೂ ಉಸಿರಾಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

4. ಮುಷ್ಟಿಗಟ್ಟಲೆ ಕಾಳು ಚೆಲ್ಲಿದ್ದೆ. ಒಂದೇ ರೊಟ್ಟಿಗೆ ನೂರು ಮಂದಿ ಕೂತರೆ ಏನಾದೀತು?

ಎರಡನೇ ತೋಟದಲ್ಲಿ ಈ ನಾಲ್ಕೂ ತಪ್ಪು ತಿದ್ದಿದೆ. ಬೆಳಕಿಗೆಂದು ಅಂಗಳದಲ್ಲಿ ಇಟ್ಟೆ. ಪಕ್ಕದ ಮನೆಯ ಆಡು ಬಂದು ಎರಡು ನಿಮಿಷದಲ್ಲಿ ಮೇಯ್ದುಬಿಟ್ಟಿತು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನನಗೆ ಮೊಸರು ಸಿಗಲಿಲ್ಲ, ಆಯಿಯಿಂದ ಬೈಗುಳ ಸಿಕ್ಕಿತು. ಆದ್ದರಿಂದ ಐದನೇ ಪಾಠ: ತೋಟವನ್ನು ಆಡು, ಕೋಳಿಗೆ ನಿಲುಕದಂತೆ ಕಟ್ಟೆಯ ಮೇಲೆ ಇಡಿರಿ.

ಬೇಕಾಗುವ ಸಾಮಾನು

ಒಂದು ಅಗಲವಾದ ಬುಟ್ಟಿ ಅಥವಾ ಬೋಗುಣಿ. ಅಪ್ಪನ ಗೌಂಡಿ ಕೆಲಸದ ಹಳೆಯ ಕಬ್ಬಿಣದ ಬುಟ್ಟಿ ಒಂದು ತಳ ತುಕ್ಕು ಹಿಡಿದು ತೂತು ಬಿದ್ದಿತ್ತು. ಸಿಮೆಂಟು ಹೊರಲಿಕ್ಕೆ ಬಾರದ್ದು ತೋಟಕ್ಕೆ ಬಹಳ ಚಲೋ ಆಯಿತು.

ಒಡೆದ ಗಡಿಗೆಯ ಚೂರು, ಸಣ್ಣ ಹರಳು, ಒಂದು ಹಿಡಿ ಇದ್ದಿಲು.

ಮಸಾರಿ ಮಣ್ಣು ಎರಡು ಬಟ್ಟಲು, ಹಳ್ಳದ ಉಸುಕು ಒಂದು ಬಟ್ಟಲು, ಹಳೆಯ ತಿಪ್ಪೆಗೊಬ್ಬರ ಒಂದು ಬಟ್ಟಲು. ಗೊಬ್ಬರ ಪೂರ್ತಿ ಕಳಿತಿರಬೇಕು. ಹಸಿ ಸೆಗಣಿ ಹಾಕಿದರೆ ಅದು ಕಳಿಯುವಾಗ ಬಿಸಿಯಾಗಿ ಬೇರು ಸುಡುತ್ತದೆ.

ಶಾಬಾದಿ ಕಲ್ಲಿನ ಚೂರುಗಳು, ನಾಲ್ಕೈದು ಗುಂಡುಕಲ್ಲು, ಕಸಬರಿಗೆ ಕಡ್ಡಿ.

ಅಳತೆಯ ಲೆಕ್ಕ

ಇದು ಬಹಳ ಮುಖ್ಯ. ನನ್ನ ಎತ್ತರ 144 ಸೆಂಟಿಮೀಟರು. ತಂಗಿಯ ಗೊಂಬೆ 12 ಸೆಂಟಿಮೀಟರು. 144ನ್ನು 12ರಿಂದ ಭಾಗಿಸಿದರೆ 12 ಬರುತ್ತದೆ. ಅಂದರೆ ಗೊಂಬೆಯ ಲೋಕ ನಮ್ಮ ಲೋಕದ ಹನ್ನೆರಡರಲ್ಲಿ ಒಂದು ಪಾಲು. ರಾಣಿ ಮೇರಿಯ ಗೊಂಬೆ ಮನೆಯೂ ಇದೇ 1:12ರ ಅನುಪಾತದ್ದು.

ಈಗ ದಾಸವಾಳದ ಎಲೆ ತೆಗೆದುಕೊಳ್ಳಿ. ಅದು 8 ಸೆಂಟಿಮೀಟರು ಇದ್ದರೆ ಗೊಂಬೆಯ ಕಣ್ಣಿಗೆ 8 × 12 = 96 ಸೆಂಟಿಮೀಟರು, ಹತ್ತಿರ ಹತ್ತಿರ ಒಂದು ಮೀಟರು! ಅಂಥ ಎಲೆಯ ಗಿಡ ಇಟ್ಟರೆ ಕಾಡು ಕಾಣುವುದಿಲ್ಲ, ಗೊಂಬೆಯ ಮೇಲೆ ಛತ್ರಿ ಬಿದ್ದಂತೆ ಕಾಣುತ್ತದೆ. ಆದ್ದರಿಂದ ಬಹಳ ಸಣ್ಣ ಎಲೆಯ ಗಿಡಗಳನ್ನೇ ಹುಡುಕಬೇಕು. ಒಂದು ಗೇಣು ಸಸಿ 20 ಸೆಂಟಿಮೀಟರು ಇದ್ದರೆ ಗೊಂಬೆಗೆ ಅದು 240 ಸೆಂಟಿಮೀಟರಿನ ಮರ. ಗಣಿತದ ಪುಸ್ತಕದ ಅನುಪಾತ ಇಷ್ಟು ಉಪಯೋಗಕ್ಕೆ ಬರುತ್ತದೆ ಎಂದು ನಾನು ತಿಳಿದಿರಲಿಲ್ಲ.

ಕಾಡು ಹೇಗೆ ಹುಟ್ಟುತ್ತದೆ?

ಸರ್ ನನಗೆ ಒಂದು ಕೆಲಸ ಹೇಳಿದರು. "ಊರಾಗ ಯಾವುದಾದರೂ ಹಾಳು ಗೋಡೆ ನೋಡಿಕೊಂಡು ಬಾ" ಎಂದರು. ನಾನು ಹೋಗಿ ನೋಡಿದೆ. ಗೋಡೆಯ ನೆರಳಿನ ಮಗ್ಗುಲಲ್ಲಿ ಪಾಚಿ ಇತ್ತು. ಸಂದಿಯಲ್ಲಿ ಹುಲ್ಲು ಇತ್ತು. ಮೇಲೆ ಬಳ್ಳಿ ಹಬ್ಬಿತ್ತು. ತುದಿಯಲ್ಲಿ ಒಂದು ಸಣ್ಣ ಆಲದ ಸಸಿ ಇತ್ತು. ಆಲದ ಸಸಿಯನ್ನು ಯಾರೂ ಹಚ್ಚಿದ್ದಲ್ಲ. ಹಕ್ಕಿ ಹಣ್ಣು ತಿಂದು ಹಿಕ್ಕೆ ಹಾಕಿದ್ದರಿಂದ ಬಂದದ್ದು.

ಕಾಡು ಹುಟ್ಟುವ ಒಂದು ಸರದಿ ಇದು. ಮೊದಲು ಪಾಚಿ ಬಂದು ಕಲ್ಲಿನ ಮೇಲೆ ತೇವ ಹಿಡಿಯುತ್ತದೆ. ಗಾಳಿಯಲ್ಲಿ ಬಂದ ಧೂಳು ಅಲ್ಲಿ ಕೂತು ಮಣ್ಣಾಗುತ್ತದೆ. ಆ ಮಣ್ಣಿನಲ್ಲಿ ಹುಲ್ಲು ಬರುತ್ತದೆ. ಹುಲ್ಲು ಸತ್ತು ಗೊಬ್ಬರವಾಗುತ್ತದೆ. ಆಮೇಲೆ ಬಳ್ಳಿ, ಪೊದೆ, ಕೊನೆಗೆ ಮರ. ಹಾಳು ಬಿದ್ದ ಮನೆ ಕಾಡಾಗುವುದಕ್ಕೆ ಬಹಳ ವರ್ಷ ಬೇಕು. ನಾವು ಅದೇ ಸರದಿಯನ್ನು ನಮ್ಮ ಕೈಯಿಂದ ಒಂದು ದಿನದಲ್ಲಿ ಜೋಡಿಸುತ್ತೇವೆ, ಅಷ್ಟೇ ವ್ಯತ್ಯಾಸ.

ಮಾಡುವ ವಿಧಾನ

ಒಂದನೆಯದು: ಬುಟ್ಟಿಯ ತಳದ ತೂತಿನ ಮೇಲೆ ಗಡಿಗೆ ಚೂರನ್ನು ಬೋರಲು ಇಡಿರಿ. ಅದರ ಮೇಲೆ ಎರಡು ಬೆರಳು ಎತ್ತರ ಹರಳು ಹಾಕಿರಿ. ಹೆಚ್ಚಾದ ನೀರು ಇಳಿದು ಹೋಗಲು ಇದು ದಾರಿ.

ಎರಡನೆಯದು: ಮಣ್ಣು, ಉಸುಕು, ಗೊಬ್ಬರ ಮೂರನ್ನೂ ಜರಡಿ ಹಿಡಿದು ಕಲಸಿರಿ. ಬುಟ್ಟಿಗೆ ಸಮನಾಗಿ ತುಂಬಬೇಡಿ. ಒಂದು ಮಗ್ಗುಲಿಗೆ ದಿಬ್ಬ ಮಾಡಿರಿ, ಇನ್ನೊಂದು ಮಗ್ಗುಲಿಗೆ ತಗ್ಗು ಮಾಡಿರಿ. ಭೂಮಿ ಎಲ್ಲಿಯೂ ಪೂರ್ತಿ ಸಪಾಟು ಇರುವುದಿಲ್ಲ.

ಮೂರನೆಯದು: ಗುಂಡುಕಲ್ಲುಗಳನ್ನು ಅರ್ಧ ಹೂಳಿರಿ. ಮೇಲೆ ಸುಮ್ಮನೆ ಇಟ್ಟರೆ ಯಾರೋ ಇಟ್ಟು ಹೋದಂತೆ ಕಾಣುತ್ತವೆ. ಶಹಾಪುರದ ಗುಡ್ಡ ದೂರದಿಂದ ಮಲಗಿದ ಬುದ್ಧನ ಹಾಗೆ ಕಾಣುವುದನ್ನು ನೀವು ನೋಡಿರಬಹುದು. ಕಲ್ಲನ್ನು ತಿರುವಿ ಮುರುವಿ ನೋಡಿದರೆ ಪ್ರತಿ ಕಲ್ಲಿಗೂ ಒಂದು ಮುಖ ಸಿಗುತ್ತದೆ. ಆ ಮುಖ ಮುಂದೆ ಬರಲಿ.

ನಾಲ್ಕನೆಯದು: ಗೊಂಬೆ ಮನೆಯನ್ನು ದಿಬ್ಬದ ಮೇಲೆ ಶಾಬಾದಿ ಕಲ್ಲಿನ ಚೂರು ಹಾಸಿ ಅದರ ಮೇಲೆ ಇಡಿರಿ. ಮನೆ ಹಸಿ ಮಣ್ಣಿನದಾಗಲಿ, ರಟ್ಟಿನದಾಗಲಿ, ನೆಲದ ತೇವ ತಾಗಿದರೆ ಕೆಡುತ್ತದೆ. ನಮ್ಮ ಹಿರಿಯರು ಮನೆಗೆ ಕಲ್ಲಿನ ತಳಪಾಯ ಹಾಕುವುದೂ ಇದಕ್ಕೇ. ಬಾಗಿಲಿನಿಂದ ಕೆಳಗೆ ಕಲ್ಲಿನ ಚೂರಿನಿಂದ ವಕ್ರವಾದ ದಾರಿ ಮಾಡಿರಿ. ದಾರಿ ಒಂದು ಕಲ್ಲಿನ ಹಿಂದೆ ಮರೆಯಾಗಬೇಕು. ಆಗ ನೋಡುವವರಿಗೆ ಅದರ ಆಚೆ ಇನ್ನೂ ಏನೋ ಅದ ಅನ್ನಿಸುತ್ತದೆ.

ಐದನೆಯದು ಗಿಡಗಳು. ನಾನು ಹಚ್ಚಿದವು ಇವು:

ಪಾಚಿ: ನೀರಿನ ತೊಟ್ಟಿಯ ನೆರಳಿನ ಮಗ್ಗುಲಲ್ಲಿ, ಬಾವಿಯ ಮೆಟ್ಟಿಲ ಹತ್ತಿರ ಮೆತ್ತಗೆ ಮಖಮಲ್ಲಿನಂತೆ ಇರುತ್ತದೆ. ಬಾವಿಗೆ ದೊಡ್ಡವರ ಜೊತೆಗೇ ಹೋಗಿರಿ. ಚಮಚದಿಂದ ಅಂಗೈಯಷ್ಟು ಮಾತ್ರ ಎಬ್ಬಿಸಿರಿ, ಉಳಿದದ್ದು ಅಲ್ಲಿಯೇ ಇರಲಿ, ಮತ್ತೆ ಹಬ್ಬುತ್ತದೆ. ಮಣ್ಣು ಒದ್ದೆ ಮಾಡಿ, ಪಾಚಿ ಇಟ್ಟು, ಅಂಗೈಯಿಂದ ಒತ್ತಿರಿ.

ಕರಿಕೆ ಹುಲ್ಲು: ಗಣಪತಿಗೆ ಏರಿಸುವ ಕರಿಕೆ. ಎರಡು ಗಿಣ್ಣು ಇರುವ ತುಂಡು ಸಾಕು. ಗಿಣ್ಣಿನಿಂದ ಬೇರು ಬರುತ್ತದೆ. ಆದರೆ ಇದು ಆಸೆಬುರುಕ ಹುಲ್ಲು. ಹೊಲದಲ್ಲಿ ಕರಿಕೆ ಬಿದ್ದರೆ ಮುತ್ಯಾ ಎಷ್ಟು ಬೈಯುತ್ತಿದ್ದರು ಎಂದು ಆಯಿ ಹೇಳುತ್ತಾಳೆ. ವಾರಕ್ಕೊಮ್ಮೆ ಕತ್ತರಿಯಿಂದ ಕತ್ತರಿಸಬೇಕು.

ನೆಲನೆಲ್ಲಿ: ಹೊಲದ ಬದುವಿನಲ್ಲಿ ತಾನೇ ಬೆಳೆಯುತ್ತದೆ. ನೋಡಲು ಥೇಟ್ ದೊಡ್ಡ ಮರದ ಮರಿ. ಎಲೆಗಳ ಕೆಳಗೆ ಸಾಸಿವೆಯಂಥ ಕಾಯಿಗಳ ಸಾಲು ಇರುತ್ತದೆ. ಗೊಂಬೆಗೆ ಅದೇ ನೆಲ್ಲಿಕಾಯಿ ಮರ.

ವಿಷ್ಣುಕ್ರಾಂತಿ: ನೆಲಕ್ಕೆ ಹಬ್ಬುವ ಗಿಡ. ಅಂಗಿ ಗುಂಡಿಗಿಂತ ಸಣ್ಣ ನೀಲಿ ಹೂ ಬಿಡುತ್ತದೆ.

ಹತ್ತು ಗಂಟೆ ಹೂ: ಬೆರಳುದ್ದ ತುಂಡು ಮುರಿದು ಚುಚ್ಚಿದರೆ ಸಾಕು, ಹತ್ತುತ್ತದೆ. ದಪ್ಪ ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ. ಎರಡು ದಿನ ನೀರು ಮರೆತರೂ ಸಾಯುವುದಿಲ್ಲ.

ಬಳ್ಳಿ: ದಾರದಂಥ ಸಣ್ಣ ಎಲೆ, ಕೆಂಪು ಚುಕ್ಕಿಯಂಥ ಹೂ ಬಿಡುವ ಬಳ್ಳಿಯ ಎರಡೇ ಬೀಜ ಊರಿದೆ. ಕಸಬರಿಗೆ ಕಡ್ಡಿ ನಿಲ್ಲಿಸಿ ಮಾಳಿಗೆಯ ಮೇಲೆ ಹತ್ತಿಸಿದೆ. ತುದಿ ಚಿವುಟುತ್ತಾ ಇರಬೇಕು, ಇಲ್ಲದಿದ್ದರೆ ನಿಮ್ಮ ಮನೆಯನ್ನೇ ಹತ್ತುತ್ತದೆ.

ಹುಣಸೆ: ನಾಲ್ಕು ಹುಣಸೆ ಬೀಜ ಒಂದು ರಾತ್ರಿ ನೀರಲ್ಲಿ ನೆನೆಸಿ ಊರಿದೆ. ಎರಡು ಬಂದವು. ಇದು ನಮ್ಮ ಕಾಡಿನ ದೊಡ್ಡ ಮರ. ಗೇಣುದ್ದ ಆದ ಮೇಲೆ ತುದಿ ಚಿವುಟಿದರೆ ಮಗ್ಗುಲಿಗೆ ಕೊಂಬೆ ಒಡೆಯುತ್ತದೆ. ಜಪಾನ್ ದೇಶದಲ್ಲಿ ಹೀಗೆ ಚಿವುಟಿ, ಬೇರು ಕತ್ತರಿಸಿ, ಸಣ್ಣ ಕುಂಡದಲ್ಲಿ ಮರಗಳನ್ನು ಬಹಳ ವರ್ಷ ಕುಳ್ಳಗೆ ಬೆಳೆಸುತ್ತಾರೆ. ಅದಕ್ಕೆ ಬೋನ್ಸಾಯ್ ಎನ್ನುತ್ತಾರೆ.

ಎತ್ತರದ ಗಿಡ ಹಿಂದೆ, ಗಿಡ್ಡ ಗಿಡ ಮುಂದೆ ಬರಲಿ. ಸಾಲಾಗಿ ಹಚ್ಚಬೇಡಿ. ಸಾಲಾಗಿ ಹಚ್ಚಿದರೆ ಅದು ಹೊಲ, ಹೇಗೆಂದರೆ ಹಾಗೆ ಹಚ್ಚಿದರೆ ಕಾಡು.

ನೀರು ಮತ್ತು ಬೆಳಕು

ದಿನಾ ನೀರು ಹಾಕಲೇಬೇಕು ಎಂಬ ನಿಯಮ ಇಲ್ಲ. ಬೆರಳನ್ನು ಮಣ್ಣಿನೊಳಗೆ ಒಂದು ಗೆಣ್ಣು ಚುಚ್ಚಿ ನೋಡಿರಿ. ಹಸಿ ಇದ್ದರೆ ಬಿಟ್ಟುಬಿಡಿ, ಒಣಗಿದ್ದರೆ ಹಾಕಿರಿ. ಚೆಂಬಿನಿಂದ ಸುರಿದರೆ ಗೊಂಬೆಯ ಊರಿಗೆ ಹೊಳೆ ಬಂದಂತೆ ಆಗುತ್ತದೆ. ಕೈಯಿಂದ ಚಿಮುಕಿಸಬೇಕು. ಪ್ಲಾಸ್ಟಿಕ್ ಬಾಟಲಿಯ ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿದರೆ ಒಳ್ಳೆಯ ಝಾರಿ ಆಗುತ್ತದೆ.

ಮುಂಜಾನೆಯ ಬಿಸಿಲು ಒಳ್ಳೆಯದು, ಮಧ್ಯಾಹ್ನದ್ದು ಬೇಡ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕಬ್ಬಿಣದ ಬುಟ್ಟಿ ಕಾದರೆ ಬೇರು ಬೇಯುತ್ತದೆ. ಆಗ ಬುಟ್ಟಿಗೆ ಒದ್ದೆ ಗೋಣಿಚೀಲ ಸುತ್ತಿರಿ.

ಗಿಡಗಳು ಬೆಳಕಿನ ಕಡೆಗೆ ಬಾಗುತ್ತವೆ. ಕಾಂಡದ ನೆರಳಿನ ಮಗ್ಗುಲಿನ ಜೀವಕೋಶಗಳು ಹೆಚ್ಚು ಉದ್ದವಾಗುತ್ತವೆ, ಬೆಳಕಿನ ಮಗ್ಗುಲಿನವು ಕಡಿಮೆ. ಅದಕ್ಕೇ ಕಾಂಡ ಬಾಗುತ್ತದೆ. ಇದನ್ನು ಮಾಡಿಸುವ ರಸಕ್ಕೆ ಆಕ್ಸಿನ್ ಎಂದು ಹೆಸರು. ಆದ್ದರಿಂದ ದಿನಕ್ಕೆ ಒಮ್ಮೆ ಬುಟ್ಟಿಯನ್ನು ಕಾಲು ಸುತ್ತು ತಿರುಗಿಸಬೇಕು. ಈ ಕೆಲಸ ನಾನು ತಂಗಿಗೆ ಕೊಟ್ಟೆ. ನಾಲ್ಕು ದಿನಕ್ಕೆ ಒಂದು ಪೂರ್ತಿ ಸುತ್ತು. "ಇನ್ನ ಎಷ್ಟು ಸುತ್ತು ಆದ್ರ ಯುಗಾದಿ?" ಎಂದು ಆಕೆ ಕೇಳಿದಳು. ಕ್ಯಾಲೆಂಡರ್ ನೋಡಿ ಲೆಕ್ಕ ಹಾಕಿದೆವು, 27 ಸುತ್ತು ಬಂತು. ಪಾಟಿಯ ಮೇಲೆ 27 ಗೀಟು ಎಳೆದು ಒಂದೊಂದೇ ಅಳಿಸುತ್ತಾ ಹೋದಳು.

ಜಾದು ಎಲ್ಲಿದೆ?

ಈ ತೋಟದಲ್ಲಿ ಮೂರು ಜಾದು ಇವೆ. ಮೂರೂ ನಿಜವಾದವು.

ಮೊದಲನೆಯದು, ಹುಣಸೆ ಎಲೆ ರಾತ್ರಿ ಮಲಗುತ್ತದೆ. ಸಂಜೆ ಆದ ಮೇಲೆ ಜೋಡಿ ಜೋಡಿ ಎಲೆಗಳು ಕೈ ಮುಗಿದಂತೆ ಮುಚ್ಚಿಕೊಳ್ಳುತ್ತವೆ, ಮುಂಜಾನೆ ತೆರೆಯುತ್ತವೆ. ಎಲೆಯ ಬುಡದ ಉಬ್ಬಿನಲ್ಲಿ ನೀರು ಹೆಚ್ಚು ಕಡಿಮೆ ಆಗುವುದರಿಂದ ಹೀಗಾಗುತ್ತದೆ.

ಎರಡನೆಯದು, ಕಾಡುಬಸಳೆ ಎಲೆ. ಒಂದು ಎಲೆ ಕಿತ್ತು ತೇವದ ಮಣ್ಣಿನ ಮೇಲೆ ಇಡಿರಿ. ಕೆಲವು ದಿನಕ್ಕೆ ಎಲೆಯ ಅಂಚಿನಲ್ಲಿ ಸಣ್ಣ ಸಣ್ಣ ಮರಿ ಗಿಡ ಏಳುತ್ತವೆ. ವಿಜ್ಞಾನದ ಪುಸ್ತಕದಲ್ಲಿ ಬ್ರಯೋಫಿಲ್ಲಮ್ ಎಂದು ಇರುವುದು ಇದೇ. ಮರಿಗಳು ಸಣ್ಣವು ಇರುವ ತನಕ ಗೊಂಬೆಗೆ ಸರಿ, ದೊಡ್ಡವಾದ ಮೇಲೆ ನೆಲಕ್ಕೆ ಹಚ್ಚಿರಿ.

ಮೂರನೆಯದು ನನಗೆ ಎಲ್ಲಕ್ಕಿಂತ ಸೇರಿದ್ದು, ಪಾಚಿ. ಸಂಕ್ರಾಂತಿಗೆ ನಾವು ಮೂರು ದಿನ ಸೋದರಮಾವನ ಊರಿಗೆ ಹೋಗಿದ್ದೆವು. ಬಂದು ನೋಡಿದರೆ ಪಾಚಿ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ತಂಗಿಯ ಮುಖ ನೋಡಲಿಕ್ಕೆ ಆಗಲಿಲ್ಲ. ನನಗೂ ಭಯವಾಯಿತು. ಸರ್ ಹೇಳಿದ್ದು ನೆನಪಾಗಿ ನೀರು ಚಿಮುಕಿಸಿದೆ. ನಾವು ನೋಡನೋಡುತ್ತಿರುವಾಗಲೇ ಮುದುಡಿದ ಎಲೆ ಬಿಚ್ಚಿ ಹಸಿರು ಆಗುತ್ತಾ ಬಂತು! ಪಾಚಿಗೆ ನಮ್ಮ ಗಿಡಗಳಂತೆ ನಿಜವಾದ ಬೇರು ಇಲ್ಲ. ಅದು ಮೈಯಿಂದಲೇ ನೀರು ಕುಡಿಯುತ್ತದೆ. ನೀರಿಲ್ಲದಾಗ ಒಣಗಿ ಸುಮ್ಮನೆ ಇರುತ್ತದೆ, ಸಾಯುವುದಿಲ್ಲ. ಆ ದಿನ ತಂಗಿಗೆ ನಾನು ಹೇಳಿದೆ: "ನೋಡು, ಒಣಗಿದಂಗ ಕಂಡದ್ದೆಲ್ಲಾ ಸತ್ತಿರೂದಿಲ್ಲ. ತ್ವಾಟ ಬಾಡೂದಕ್ಕೂ ಅವ್ವ ಬರೂದಕ್ಕೂ ಸಂಬಂಧ ಇಲ್ಲ. ನೀರಿಗೂ ಪಾಚಿಗೂ ಸಂಬಂಧ." ಆಕೆ ನಂಬಿದಳೋ ಇಲ್ಲವೋ ಗೊತ್ತಿಲ್ಲ. ಆದರೆ ಆ ರಾತ್ರಿ ಎರಡು ರೊಟ್ಟಿ ತಿಂದಳು.

ಶೀಶೆ ತೋಟ

ಬುಟ್ಟಿ ಇಡಲು ಜಾಗ ಇಲ್ಲದವರು ಶೀಶೆಯಲ್ಲಿ ತೋಟ ಮಾಡಬಹುದು. ಇದನ್ನು ಕಂಡುಹಿಡಿದ ಕಥೆ ಚಲೋ ಇದೆ. ಲಂಡನ್ ಪಟ್ಟಣದಲ್ಲಿ ವಾರ್ಡ್ ಎಂಬ ಡಾಕ್ಟರರು ಇದ್ದರು. ಕಲ್ಲಿದ್ದಲ ಹೊಗೆಗೆ ಅವರ ತೋಟದ ಗಿಡಗಳೆಲ್ಲ ಸಾಯುತ್ತಿದ್ದವು. 1829ರ ಸುಮಾರಿಗೆ ಅವರು ಒಂದು ಪತಂಗದ ಕೋಶವನ್ನು ತೇವದ ಮಣ್ಣಿನ ಜೊತೆ ಶೀಶೆಯಲ್ಲಿಟ್ಟು ಮುಚ್ಚಿದರು. ಪತಂಗ ಬರುವುದನ್ನು ಕಾಯುತ್ತಿದ್ದರೆ ಮಣ್ಣಿನಲ್ಲಿ ಒಂದು ಜರಿಗಿಡವೂ ಹುಲ್ಲೂ ಹುಟ್ಟಿದವು! ಹೊರಗೆ ಸಾಯುವ ಗಿಡ ಮುಚ್ಚಿದ ಶೀಶೆಯಲ್ಲಿ ವರ್ಷಗಟ್ಟಲೆ ಬದುಕಿತು. ಆಮೇಲೆ ಅವರು ಗಾಜಿನ ಪೆಟ್ಟಿಗೆ ಮಾಡಿ 1833ರಲ್ಲಿ ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಗಿಡ ಕಳಿಸಿದರು. ತಿಂಗಳುಗಟ್ಟಲೆ ಸಮುದ್ರದ ಮೇಲೆ ಹೋದರೂ ಗಿಡ ಬದುಕಿದ್ದವು. ಚೀನಾದಿಂದ ನಮ್ಮ ದೇಶದ ಹಿಮಾಲಯದ ಕಡೆಗೆ ಚಹಾ ಸಸಿ ತಂದದ್ದೂ ಇಂಥ ಪೆಟ್ಟಿಗೆಗಳಲ್ಲಿಯೇ.

ಇದರ ಗುಟ್ಟು ಮಳೆಯ ಗುಟ್ಟೇ. ಎಲೆಯಿಂದ ನೀರು ಆವಿಯಾಗಿ ಮೇಲೆ ಹೋಗುತ್ತದೆ, ಗಾಜಿಗೆ ತಾಗಿ ಹನಿಯಾಗುತ್ತದೆ, ಮತ್ತೆ ಮಣ್ಣಿಗೆ ಇಳಿಯುತ್ತದೆ. ಅದೇ ನೀರು ಸುತ್ತುತ್ತಾ ಇರುತ್ತದೆ.

ಮಾಡುವುದು ಸುಲಭ. ಅಗಲ ಬಾಯಿಯ ಗಾಜಿನ ಶೀಶೆಯನ್ನು ತೊಳೆದು, ತಳಕ್ಕೆ ಹರಳು, ಅದರ ಮೇಲೆ ಇದ್ದಿಲ ಚೂರು, ಅದರ ಮೇಲೆ ಮೂರು ಬೆರಳು ಮಣ್ಣು ಹಾಕಿರಿ. ಕಡ್ಡಿಯಿಂದ ಪಾಚಿ ಇಳಿಸಿ ಒತ್ತಿರಿ. ಬೇಕಾದರೆ ಒಂದು ಸಣ್ಣ ಕಲ್ಲು ಇಡಿರಿ. ನಾಲ್ಕು ಚಮಚ ನೀರು ಸಾಕು. ಮುಚ್ಚಳ ಹಾಕಿರಿ. ಗಾಜು ಪೂರ್ತಿ ಮಂಜಾದರೆ ನೀರು ಹೆಚ್ಚಾಗಿದೆ ಎಂದರ್ಥ, ಅರ್ಧ ದಿನ ಮುಚ್ಚಳ ತೆಗೆದಿಡಿರಿ. ಹನಿಯೇ ಕಾಣದಿದ್ದರೆ ಒಂದು ಚಮಚ ಹಾಕಿರಿ. ಬೆಳಕು ಇರುವಲ್ಲಿ ಇಡಿರಿ, ಆದರೆ ನೇರ ಬಿಸಿಲಿಗೆ ಇಡಲೇಬಾರದು. ಮುಚ್ಚಿದ ಶೀಶೆ ಬಿಸಿಲಲ್ಲಿ ಒಲೆಯಾಗುತ್ತದೆ.

ಎಚ್ಚರಿಕೆಯ ಮಾತು

ಗುಲಗಂಜಿ ಕಾಳು ನೋಡಲು ಚೆಂದ, ಆದರೆ ಕಡಿದು ನುಂಗಿದರೆ ವಿಷ. ಸಣ್ಣ ಮಕ್ಕಳ ಕೈಗೆ ಕೊಡಬೇಡಿರಿ. ಉಮ್ಮತ್ತಿ ಗಿಡವೂ ವಿಷ. ಕಾಂಗ್ರೆಸ್ ಕಸ ಸಣ್ಣದಿದ್ದಾಗ ಎಲೆ ಕಸೂತಿ ಹಾಕಿದಂತೆ ಇರುತ್ತದೆ, ಮೋಸ ಹೋಗಬೇಡಿ, ಮೈ ತುರಿಸುತ್ತದೆ. ಮಣ್ಣಿನ ಕೆಲಸ ಆದ ಮೇಲೆ ಸಬಕಾರ ಹಚ್ಚಿ ಕೈ ತೊಳೆಯಿರಿ. ಬುಟ್ಟಿಯ ಕೆಳಗೆ ನೀರು ನಿಂತರೆ ಚೆಲ್ಲಿರಿ, ಸೊಳ್ಳೆ ಮೊಟ್ಟೆ ಇಡುತ್ತವೆ.

ಕೊನೆಯ ಮಾತು

ಯುಗಾದಿಯ ಹಿಂದಿನ ದಿನ ಅಪ್ಪ ಅವ್ವ ಬಂದರು. ಪಾಟಿಯ ಮೇಲೆ ಒಂದೇ ಗೀಟು ಉಳಿದಿತ್ತು. ಅಷ್ಟೊತ್ತಿಗೆ ನೆಲನೆಲ್ಲಿ ಒಣಗಿ ಹೋಗಿತ್ತು, ಅದರ ಆಯುಷ್ಯ ಅಷ್ಟೇ. ಆದರೆ ಅದರ ಬೀಜ ಬಿದ್ದು ನಾಲ್ಕು ಮರಿ ಎದ್ದಿದ್ದವು. ಹುಣಸೆಗೆ ಮೂರು ಕೊಂಬೆ ಬಂದಿದ್ದವು. ಮಾಳಿಗೆಯ ಮೇಲೆ ಬಳ್ಳಿ ಹಬ್ಬಿ ಗೊಂಬೆ ಮನೆಯ ಬಾಗಿಲು ಮಾತ್ರ ಕಾಣುತ್ತಿತ್ತು. ತಂಗಿ ಅವ್ವನ ಕೈ ಬಿಡದೆ ಎಳೆದುಕೊಂಡು ಬಂದು ತೋರಿಸಿದಳು. ಅವ್ವ ಚೆಂದ ಅದ ಅಂತಲೂ ಅನ್ನಲಿಲ್ಲ, ಏನೂ ಅನ್ನಲಿಲ್ಲ. ಹೊಲದಲ್ಲಿ ನೋಡುವ ಹಾಗೆ ಮಣ್ಣಿನಲ್ಲಿ ಬೆರಳು ಚುಚ್ಚಿ ನೋಡಿ, "ಹಸಿ ಅದ" ಅಂದಳು. ಆಮೇಲೆ ಸ್ವಲ್ಪ ಹೊತ್ತು ಅಲ್ಲೇ ಕೂತಳು.

ಈ ವರ್ಷ ದೀಪಾವಳಿ ಆದ ಮೇಲೆ ಮತ್ತೆ ಹೋದರು. ಹೋಗುವಾಗ ತಂಗಿ ಅವ್ವನ ಚೀಲದಲ್ಲಿ ಒಂದು ಶೀಶೆ ತೋಟ ಇಟ್ಟಳು. ರೊಟ್ಟಿ ಬುತ್ತಿಯ ಜೊತೆ ಅರಿವೆಯಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ದರು. ಅಲ್ಲಿ ತಗಡಿನ ಶೆಡ್ಡು, ಮಧ್ಯಾಹ್ನ ಕಾಯುತ್ತದೆ. ಅದಕ್ಕೆ ಬಾಗಿಲ ಹತ್ತಿರ ನೀರಿನ ಕೊಡದ ಮಗ್ಗುಲಿಗೆ ಇಡು ಎಂದು ನಾನು ಹೇಳಿ ಕಳಿಸಿದ್ದೇನೆ. ಅವ್ವ ಫೋನು ಮಾಡಿದಾಗ ತಂಗಿ ಮೊದಲು ಕೇಳುವುದು, "ಅವ್ವಾ, ಹಸರ ಅದ ಏನು?" ಎಂದು. ಅವ್ವ, "ಅದವಾ, ನಿಂದು?" ಅನ್ನುತ್ತಾಳೆ.

ಗೆಳೆಯ ಗೆಳತಿಯರೇ, ದೀಪಾವಳಿ ಆದ ಮೇಲೆ ನಮ್ಮ ವರ್ಗದಲ್ಲಿ ಎಷ್ಟು ಜಾಗ ಖಾಲಿ ಆಗುತ್ತವೆ ಎಂದು ನಿಮಗೂ ಗೊತ್ತು. ಅಪ್ಪ ಅವ್ವನ ಜೊತೆ ಹೋಗುವವರು ಒಂದು ಶೀಶೆ ಒಯ್ಯಿರಿ. ಇಲ್ಲೇ ಉಳಿಯುವವರು ಒಂದು ಬುಟ್ಟಿ ಮಾಡಿರಿ. ಯಾರಿಗೆ ಬೇಕೋ ಅವರು ನನ್ನನ್ನು ಕೇಳಿರಿ. ಹತ್ತು ಗಂಟೆ ಹೂವಿನ ತುಂಡು, ಬಳ್ಳಿಯ ಬೀಜ, ಅಂಗೈಯಷ್ಟು ಪಾಚಿ ಕೊಡುತ್ತೇನೆ. ಖಾಲಿ ಶೀಶೆ ಮಾತ್ರ ನೀವೇ ತರಬೇಕು.

ತಪ್ಪು ಇದ್ದರೆ ಕ್ಷಮಿಸಿ, ತಿದ್ದಿ ಹೇಳಿರಿ.

ಇಂತಿ ನಿಮ್ಮ ಗೆಳತಿ,
7ನೇ ತರಗತಿ, ದೇವಾಪುರ